ಐದು ಕೈ ಹಿಡಿದಿವೆ, ಒಂದು ಖಾಲಿ: ಯೀಸ್ಟ್‌ನ ಒಂದು ಪ್ರೋಟೀನು ಪೊರೆ ಕತ್ತರಿಸುವ ಕತೆ

ಕಳೆದ ತಿಂಗಳು ನಮ್ಮ ಕಾಲೇಜು ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲಿ ಒಂದು ಚಿತ್ರ ಹಾಕಿದ್ದೆ. ಆರು ಬಣ್ಣದ ಆರು ತುಂಡುಗಳು ಒಂದನ್ನೊಂದು ತಬ್ಬಿಕೊಂಡು ಉಂಗುರದ ಹಾಗೆ ಕೂತಿವೆ, ನಡುವೆ ಒಂದು ಸಣ್ಣ ತೂತು. ಮೆಕ್ಯಾನಿಕಲ್ ಓದುವಾಗ ನಾಲ್ಕು ವರ್ಷ ನನ್ನ ಪಕ್ಕದಲ್ಲೇ ಕೂತಿದ್ದ ಗೆಳೆಯ ಕೇಳಿದ: ‘ಇದೇನೋ, ಬೇರಿಂಗಾ?’ ಅಲ್ಲಪ್ಪ, ಯೀಸ್ಟ್‌ನ ಒಳಗಿರುವ ವಿಪಿಎಸ್4 ಅನ್ನೋ ಪ್ರೋಟೀನು ಅಂದೆ. ತಕ್ಷಣ ಇನ್ನೊಂದು ಮೆಸೇಜ್ ಬಂತು: ‘ಯೀಸ್ಟ್ ಮೇಲೆ ನಲವತ್ತು ವರ್ಷ ಸಂಶೋಧನೆ ಮಾಡ್ತಾರಾ? ಬೇಕರಿಯವನಿಗೆ ಗೊತ್ತಿರೋದು ಸಾಲದಾ?’

ಅವನು ತಮಾಷೆಗೇ ಕೇಳಿದ್ದು. ಮೂರು ಸಾಲಿನಲ್ಲಿ ಉತ್ತರ ಬರೆಯೋಣ ಅಂತ ಕೂತೆ, ಆಗಲಿಲ್ಲ. ಆ ಉಂಗುರ ಏನು ಮಾಡುತ್ತೆ ಅಂತ ಹೇಳಬೇಕಾದರೆ ಅದಕ್ಕೆ ಯಾಕೆ ಆ ಆಕಾರ ಬೇಕು ಅಂತ ಹೇಳಬೇಕು, ಅದನ್ನು ಹೇಳಬೇಕಾದರೆ ಜೀವಕೋಶದೊಳಗಿನ ಒಂದು ವಿಚಿತ್ರ ತೊಂದರೆಯಿಂದ ಶುರು ಮಾಡಬೇಕು. ಹಾಗಾಗಿ ಉತ್ತರ ಇಲ್ಲಿಗೆ ಬಂದಿದೆ.

ಒಳಗಿನಿಂದ ಬಾಯಿ ಕಟ್ಟಬೇಕಾದ ಚೀಲ

ಬೇಕರಿಯ ಬನ್ನು ಉಬ್ಬಿಸುವ ಯೀಸ್ಟ್ ಒಂದೇ ಕೋಶದ ಜೀವಿ. ಅಡ್ಡಳತೆ ಸುಮಾರು 5 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನಲ್ಲಿ ಇನ್ನೂರು ಯೀಸ್ಟ್‌ಗಳನ್ನು ಸಾಲಾಗಿ ನಿಲ್ಲಿಸಬಹುದು. ಅಷ್ಟು ಚಿಕ್ಕದಾದರೂ ಅದರೊಳಗೆ ಕೋಣೆಗಳಿವೆ, ಕೋಣೆಗಳಿಗೆ ಪೊರೆಯ ಗೋಡೆಗಳಿವೆ. ಅಲ್ಲಿ ತಯಾರಾಗುವ ಸಾವಿರಾರು ಬಗೆಯ ಪ್ರೋಟೀನುಗಳು ತಂತಮ್ಮ ಕೋಣೆಗೆ ತಲುಪಬೇಕು. ಅಂಚೆ ಕಚೇರಿಯಲ್ಲಿ ಪತ್ರ ವಿಂಗಡಿಸುವ ಹಾಗೆ ಇಲ್ಲೂ ವಿಂಗಡಣೆ ನಡೆಯುತ್ತದೆ.

ಆ ಕೋಣೆಗಳಲ್ಲಿ ದೊಡ್ಡದು ರಸದಾನಿ. ಹಳೆಯದಾದ, ಕೆಲಸ ಮುಗಿದ ಪ್ರೋಟೀನುಗಳನ್ನು ಅರಗಿಸಿ ಬಿಡಿಭಾಗಗಳನ್ನು ವಾಪಸ್ ಕೊಡುವ ಜಾಗ ಇದು. ನಮ್ಮ ಕೋಶಗಳಲ್ಲಿ ಇದೇ ಕೆಲಸವನ್ನು ಲೈಸೋಸೋಮ್ ಮಾಡುತ್ತದೆ.

ತೊಂದರೆ ಇರುವುದು ಕೋಶದ ಹೊರಗೋಡೆಯಲ್ಲಿ ನೆಟ್ಟಿರುವ ಪ್ರೋಟೀನುಗಳ ವಿಷಯದಲ್ಲಿ. ಹೊರಗಿನ ಸಂದೇಶ ಹಿಡಿಯುವ ಗ್ರಾಹಕಗಳು ಪೊರೆಯೊಳಗೆ ಮೊಳೆ ಹೊಡೆದ ಹಾಗೆ ಕೂತಿರುತ್ತವೆ. ಕೆಲಸ ಮುಗಿದ ಗ್ರಾಹಕವನ್ನು ತೆಗೆಯಬೇಕಾದರೆ ಅದು ನೆಟ್ಟಿರುವ ಪೊರೆಯ ತುಂಡಿನ ಸಮೇತವೇ ತೆಗೆಯಬೇಕು. ತೆಗೆಯದೆ ಬಿಟ್ಟರೆ? ‘ಬೆಳೆ, ಬೆಳೆ’ ಅನ್ನುವ ಸಂದೇಶ ನಿಲ್ಲುವುದೇ ಇಲ್ಲ. ಮನುಷ್ಯರ ಕೋಶದಲ್ಲಿ ಬೆಳವಣಿಗೆಯ ಗ್ರಾಹಕಗಳು ಹೀಗೆ ಬಾಯಿ ಮುಚ್ಚದೆ ಉಳಿದರೆ ಅದು ಕ್ಯಾನ್ಸರ್‌ಗೆ ದಾರಿ ಮಾಡಿಕೊಡಬಹುದು.

ಕೋಶ ಮಾಡುವ ಕೆಲಸ ಇದು: ವಿಲೇವಾರಿಗೆ ಹೋಗಬೇಕಾದ ಗ್ರಾಹಕಕ್ಕೆ ಯುಬಿಕ್ವಿಟಿನ್ ಅನ್ನುವ ಪುಟ್ಟ ಪ್ರೋಟೀನನ್ನು ಚೀಟಿಯ ಹಾಗೆ ಅಂಟಿಸುತ್ತದೆ. ಪೊರೆಯ ಆ ಭಾಗ ಕೋಶದೊಳಕ್ಕೆ ಬಂದು ಎಂಡೋಸೋಮ್ ಅನ್ನುವ ಚೀಲವಾಗುತ್ತದೆ. ಆಮೇಲೆ ಎಂಡೋಸೋಮಿನ ಗೋಡೆ ಒಳಕ್ಕೇ ಚಿಗುರಿ, ಚೀಟಿ ಹಚ್ಚಿಸಿಕೊಂಡ ಗ್ರಾಹಕಗಳನ್ನು ಹೊತ್ತ ಪುಟಾಣಿ ಗುಳ್ಳೆಗಳಾಗಿ ಚೀಲದೊಳಗೆ ಬೀಳುತ್ತದೆ. ಈ ಚೀಲ ರಸದಾನಿಗೆ ಸೇರಿಕೊಂಡರೆ ಒಳಗಿನ ಗುಳ್ಳೆಗಳೆಲ್ಲ ಅರಗಿ ಹೋಗುತ್ತವೆ.

ಈ ‘ಒಳಕ್ಕೇ ಚಿಗುರುವುದು’ ಅನ್ನೋದರಲ್ಲೇ ಇಡೀ ಕತೆ ಇರೋದು. ಗೋಣಿಚೀಲದ ಬಾಯಿ ಕಟ್ಟುವುದನ್ನು ನೆನಪಿಸಿಕೊಳ್ಳಿ. ಹೊರಗೆ ನಿಂತು ಕುತ್ತಿಗೆಗೆ ಹಗ್ಗ ಸುತ್ತಿ ಬಿಗಿದರೆ ಆಯಿತು. ಕೋಶದಲ್ಲಿ ಬೇರೆ ಕಡೆ ಗುಳ್ಳೆ ಕತ್ತರಿಸುವ ಪ್ರೋಟೀನುಗಳು ಮಾಡುವುದು ಇದನ್ನೇ, ಕುತ್ತಿಗೆಯ ಹೊರಗಿನಿಂದ ಸುತ್ತಿ ಹಿಂಡುತ್ತವೆ. ಆದರೆ ಎಂಡೋಸೋಮಿನಲ್ಲಿ ಗುಳ್ಳೆ ಚಿಗುರುವುದು ಕೋಶದ್ರವದಿಂದ ಆಚೆಗೆ. ಕತ್ತರಿಸುವ ಯಂತ್ರ ಇರುವುದು ಕೋಶದ್ರವದಲ್ಲಿ. ಅಂದರೆ ಯಂತ್ರ ಕುತ್ತಿಗೆಯ ಒಳಗೆ ಕೂತು, ಸುತ್ತಲಿನ ಗೋಡೆಯನ್ನು ತನ್ನ ಕಡೆಗೆ ಎಳೆದುಕೊಂಡು ಮುಚ್ಚಿಸಬೇಕು. ಚೀಲದ ಕುತ್ತಿಗೆಯೊಳಗೆ ನೀವೇ ನಿಂತು ಬಾಯಿ ಕಟ್ಟಿದ ಹಾಗೆ. ಕಟ್ಟಿದ ಮೇಲೆ ನೀವು ಒಳಗೆ ಸಿಕ್ಕಿಕೊಳ್ಳಲೂ ಬಾರದು, ಹಗ್ಗ ಚೀಲದ ಜೊತೆ ಹೋಗಲೂ ಬಾರದು.

ಈ ಕೆಲಸಕ್ಕೆ ಇರುವ ಪ್ರೋಟೀನುಗಳ ತಂಡಕ್ಕೆ ಎಸ್ಕಾರ್ಟ್ ಅಂತ ಹೆಸರು. ಉದ್ದನೆಯ ಇಂಗ್ಲಿಷ್ ಹೆಸರಿನ ಮೊದಲಕ್ಷರ ಸೇರಿಸಿದ್ದು, ಆದರೆ ಬೆಂಗಾವಲು ಅನ್ನುವ ಅರ್ಥವೂ ಬರುವ ಹಾಗೆ ಜೋಡಿಸಿದ್ದಾರೆ. ವಿಪಿಎಸ್4 ಈ ತಂಡಕ್ಕೆ ಕೊನೆಯಲ್ಲಿ ಬರುವವನು, ತಂಡದಲ್ಲಿ ಇಂಧನ ಸುಡುವ ಎಂಜಿನ್ ಇರುವುದು ಇವನ ಹತ್ತಿರ ಮಾತ್ರ.

ಸಕ್ಕರೆಯ ಬಲೆ

ಇವುಗಳನ್ನು ಕಂಡುಹಿಡಿದ ಬಗೆ ನನಗೆ ತುಂಬಾ ಇಷ್ಟ. 1986ರಲ್ಲಿ ಅಮೆರಿಕದ ಕ್ಯಾಲ್‌ಟೆಕ್‌ನಲ್ಲಿದ್ದ ಸ್ಕಾಟ್ ಎಮ್ರ್ ಅವರ ತಂಡ ಒಂದು ಉಪಾಯ ಹೂಡಿತು. ಯೀಸ್ಟ್ ಸಕ್ಕರೆಯನ್ನು ತಿನ್ನಬೇಕಾದರೆ ಇನ್ವರ್ಟೇಸ್ ಅನ್ನುವ ಕಿಣ್ವವನ್ನು ಹೊರಕ್ಕೆ ಬಿಟ್ಟು ಸಕ್ಕರೆಯನ್ನು ಮುರಿಸಿಕೊಳ್ಳಬೇಕು. ಇವರು ಆ ಕಿಣ್ವಕ್ಕೆ ರಸದಾನಿಯ ವಿಳಾಸ ಇರುವ ಇನ್ನೊಂದು ಪ್ರೋಟೀನಿನ ತುಂಡನ್ನು ಅಂಟಿಸಿದರು. ಕಿಣ್ವ ಹೊರಗೆ ಹೋಗುವ ಬದಲು ರಸದಾನಿಗೆ ಹೋಯಿತು. ಸುತ್ತ ಸಕ್ಕರೆ ಇದ್ದರೂ ಯೀಸ್ಟ್ ಬೆಳೆಯಲಿಲ್ಲ.

ಈಗ ಆ ಯೀಸ್ಟ್‌ಗಳಲ್ಲಿ ಅಲ್ಲೊಂದು ಇಲ್ಲೊಂದು ವಂಶವಾಹಿ ಕೆಡಿಸಿ ಸಕ್ಕರೆಯ ತಟ್ಟೆಯ ಮೇಲೆ ಹರಡಿದರೆ? ವಿಂಗಡಣೆ ಸರಿಯಿರುವ ಯೀಸ್ಟ್ ಉಪವಾಸ. ವಿಂಗಡಣೆ ಹಾಳಾದ ಯೀಸ್ಟ್‌ನಲ್ಲಿ ಮಾತ್ರ ಕಿಣ್ವ ದಾರಿ ತಪ್ಪಿ ಹೊರಗೆ ಸೋರುತ್ತದೆ, ಅದು ಬದುಕಿ ಬೆಳೆಯುತ್ತದೆ. ಕೆಟ್ಟುಹೋದವರು ಮಾತ್ರ ಪಾಸಾಗುವ ಪರೀಕ್ಷೆ. ಅದೇ ವರ್ಷ ಆರೆಗಾನ್‌ನಲ್ಲಿ ಟಾಮ್ ಸ್ಟೀವನ್ಸ್ ಅವರ ಪ್ರಯೋಗಾಲಯ ಬೇರೆ ದಾರಿಯಲ್ಲಿ ಇಂಥದೇ ಹುಡುಕಾಟ ಮಾಡಿತು. ಒಟ್ಟು ನಲವತ್ತಕ್ಕೂ ಹೆಚ್ಚು ವಂಶವಾಹಿಗಳು ಸಿಕ್ಕವು. ‘ರಸದಾನಿಗೆ ಪ್ರೋಟೀನು ವಿಂಗಡಣೆ’ ಅನ್ನುವ ಅರ್ಥದ ಇಂಗ್ಲಿಷ್ ಪದಗಳ ಮೊದಲಕ್ಷರಗಳೇ ‘ವಿಪಿಎಸ್’. ನಾಲ್ಕು ಅನ್ನೋದು ಪಟ್ಟಿಯಲ್ಲಿ ಅದರ ಕ್ರಮಸಂಖ್ಯೆ, ಅಷ್ಟೇ.

1992ರಲ್ಲಿ ಈ ಕೆಟ್ಟ ಯೀಸ್ಟ್‌ಗಳನ್ನು ಅವುಗಳ ರಸದಾನಿ ಹೇಗೆ ಕಾಣುತ್ತದೆ ಅನ್ನುವುದರ ಮೇಲೆ ಆರು ಗುಂಪು ಮಾಡಿದರು. ಐದನೆಯದಾದ ‘ಇ’ ಗುಂಪಿನಲ್ಲಿ ರಸದಾನಿಯ ಪಕ್ಕ ಒಂದು ಊದಿಕೊಂಡ ಚೀಲ ಕಾಣುತ್ತಿತ್ತು. ಸರಕು ಬಂದು ಬಂದು ಬಿದ್ದಿದೆ, ಮುಂದಕ್ಕೆ ಹೋಗುತ್ತಿಲ್ಲ. ಎಸ್ಕಾರ್ಟ್ ತಂಡದವರೆಲ್ಲ ಹೊರಬಂದಿದ್ದು ಈ ಗುಂಪಿನಿಂದಲೇ. ಎಮ್ರ್ ಅವರಿಗೆ 2021ರಲ್ಲಿ ಶಾ ಪ್ರಶಸ್ತಿ ಬಂತು.

ಆರು ಕೈ ಹಗ್ಗ ಸೇದುವ ಬಗೆ

ಈಗ ಉಂಗುರಕ್ಕೆ ಬರೋಣ. ಯೀಸ್ಟ್‌ನ ವಿಪಿಎಸ್4 ಅಂದರೆ 437 ಅಮೈನೊ ಆಮ್ಲಗಳ ಒಂದು ಸರ. ಮಡಚಿಕೊಂಡಾಗ ಅದರಲ್ಲಿ ಎರಡು ಮುಖ್ಯ ಭಾಗ ಕಾಣುತ್ತವೆ. ತಲೆಯ ಕಡೆ ಮೂರು ಸುರುಳಿಗಳ ಒಂದು ಚಿಕ್ಕ ಕಂತೆ, ಇದು ಹಿಡಿಕೆ. ಆಮೇಲೆ ಸಡಿಲವಾದ ಒಂದು ದಾರ. ಅದರಾಚೆ ದೊಡ್ಡ ಭಾಗ, ಇದು ಎಂಜಿನ್. ಎಂಜಿನ್‌ಗೆ ಇಂಧನ ಎಟಿಪಿ, ನಮ್ಮ ಸ್ನಾಯುಗಳು ಸುಡುವ ಅದೇ ಎಟಿಪಿ.

ವಿಪಿಎಸ್4 ಎಳೆಯುವ ಹಗ್ಗ ಯಾವುದು ಅಂತಲೂ ಹೇಳಬೇಕು. ಎಸ್ಕಾರ್ಟ್-3 ಅಂತ ಒಂದು ಉಪತಂಡ ಇದೆ. ಎಸ್‌ಎನ್‌ಎಫ್7, ವಿಪಿಎಸ್24, ವಿಪಿಎಸ್2 ಇತ್ಯಾದಿ ಸದಸ್ಯರು. (ಎಸ್‌ಎನ್‌ಎಫ್ ಅಂದರೆ ‘ಸಕ್ಕರೆ ಹುದುಗಿಸಲಾಗದ’ ಅಂತ ಅರ್ಥ. ಅದು ಬೇರೆಯವರ ಬೇರೆ ಹುಡುಕಾಟದಲ್ಲಿ ಸಿಕ್ಕಿದ್ದು, ಅಲ್ಲೂ ಸಕ್ಕರೆಯೇ!) ಇವು ಒಂಟಿಯಾಗಿದ್ದಾಗ ಮುದುಡಿಕೊಂಡು ಸುಮ್ಮನೆ ತೇಲುತ್ತಿರುತ್ತವೆ. ಎಂಡೋಸೋಮಿನ ಪೊರೆಗೆ ಬಂದಾಗ ಬಿಚ್ಚಿಕೊಂಡು, ಒಂದಕ್ಕೊಂದು ಕೊಂಡಿ ಹಾಕಿಕೊಂಡು, ಕುತ್ತಿಗೆಯ ಒಳಗೆ ಸ್ಪ್ರಿಂಗಿನ ಹಾಗೆ ಸುತ್ತಿಕೊಳ್ಳುತ್ತವೆ. ಪ್ರತಿ ಸದಸ್ಯನಿಗೂ ಒಂದು ಬಾಲ ಇದೆ, ಅದು ಕೋಶದ್ರವದ ಕಡೆ ತೂಗಾಡುತ್ತಿರುತ್ತದೆ. ವಿಪಿಎಸ್4ನ ಹಿಡಿಕೆ ಹಿಡಿಯುವುದು ಆ ಬಾಲವನ್ನು. 2007ರಲ್ಲಿ ಎರಡು ಗುಂಪುಗಳು ಇದರ ರಚನೆ ಬಿಡಿಸಿ ನೋಡಿದಾಗ ಬಾಲ ಬಂದು ಹಿಡಿಕೆಯ ಸುರುಳಿಗಳ ನಡುವಿನ ತೋಡಿನಲ್ಲಿ ಮಲಗಿರುವುದು ಕಂಡಿತು.

ಎಂಜಿನ್‌ನ ಚಿತ್ರ ಸಿಗುವುದು ಮಾತ್ರ ಕಷ್ಟವಾಯಿತು. ವಿಪಿಎಸ್4 ಒಂಟಿಯಾಗಿ ಕೆಲಸ ಮಾಡಲ್ಲ, ಉಂಗುರ ಕಟ್ಟಿಕೊಂಡಾಗ ಮಾತ್ರ ಮಾಡುತ್ತದೆ. ಹರಳು ಮಾಡಿದರೆ ಉಂಗುರ ಸರಿಯಾಗಿ ನಿಲ್ಲುತ್ತಿರಲಿಲ್ಲ. ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಿದವರು 2008-09ರ ಹೊತ್ತಿಗೆ ಒಂದರ ಮೇಲೊಂದು ಎರಡು ಉಂಗುರ ಇದೆ ಅಂದರು. ಒಟ್ಟು ಎಷ್ಟು ಘಟಕ? ಒಬ್ಬರು ಹನ್ನೆರಡು ಅಂದರೆ ಇನ್ನೊಬ್ಬರು ಹದಿನಾಲ್ಕು ಅಂದರು. ಆ ಕಾಲದ ಪ್ರಬಂಧಗಳನ್ನು ಈಗ ಓದುವಾಗ ನಮ್ಮ ಕಡೆ ಜಮೀನಿನ ಸರ್ವೆ ವ್ಯಾಜ್ಯ ನೆನಪಾಗುತ್ತದೆ, ಎಲ್ಲರ ಹತ್ತಿರವೂ ನಕ್ಷೆ ಇರುತ್ತೆ. 2014ರಲ್ಲಿ ಯೂಟಾ ವಿಶ್ವವಿದ್ಯಾಲಯದ ವೆಸ್ಲಿ ಸಂಡ್‌ಕ್ವಿಸ್ಟ್ ಮತ್ತು ಕ್ರಿಸ್ಟೋಫರ್ ಹಿಲ್ ಅವರ ತಂಡ, ಕೆಲಸ ಮಾಡುವ ರೂಪದಲ್ಲಿ ಇರುವುದು ಆರೇ ಘಟಕ ಅಂತ ತೋರಿಸಿತು.

2017ರಲ್ಲಿ ಅದೇ ತಂಡ ಕ್ರಯೋ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಿಂದ ಉಂಗುರದ ಚಿತ್ರ ತೆಗೆಯಿತು. ಪ್ರೋಟೀನಿನ ದ್ರಾವಣವನ್ನು ಕ್ಷಣಾರ್ಧದಲ್ಲಿ ಹೆಪ್ಪುಗಟ್ಟಿಸಿ, ಸಾವಿರಾರು ಮಸುಕು ನೆರಳುಗಳನ್ನು ಕಂಪ್ಯೂಟರಿನಲ್ಲಿ ಜೋಡಿಸಿ ಮೂರು ಆಯಾಮದ ಚಿತ್ರ ಮಾಡುವ ವಿಧಾನ ಇದು. ಅದೇ ವರ್ಷ ಈ ವಿಧಾನಕ್ಕೇ ರಸಾಯನಶಾಸ್ತ್ರದ ನೊಬೆಲ್ ಬಂತು. (ಇಂಥ ಯಂತ್ರ ಬೆಂಗಳೂರಿನ ಎನ್‌ಸಿಬಿಎಸ್ ಆವರಣದಲ್ಲೂ ಇದೆ. ಇನ್ನೊಂದು ನಂಟು: ಇಂಥ ಪ್ರತಿ ಚಿತ್ರವೂ ಪ್ರಕಟವಾಗುವ ಮುಂಚೆ ‘ರಾಮಚಂದ್ರನ್ ಪ್ಲಾಟ್’ ಅನ್ನುವ ಪರೀಕ್ಷೆ ದಾಟಬೇಕು. ಸರದ ಯಾವ ಗಿಣ್ಣು ಯಾವ ಕೋನದಲ್ಲಿ ತಿರುಗಲು ಸಾಧ್ಯ ಅಂತ 1963ರಲ್ಲಿ ಮದ್ರಾಸಿನಲ್ಲಿ ಲೆಕ್ಕ ಹಾಕಿ ಹೇಳಿದ್ದು ಜಿ.ಎನ್. ರಾಮಚಂದ್ರನ್ ಮತ್ತು ಸಂಗಡಿಗರು. ಆಮೇಲೆ ಅವರು ಬೆಂಗಳೂರಿನ ಐಐಎಸ್‌ಸಿಗೆ ಬಂದು ಮಾಲಿಕ್ಯುಲರ್ ಬಯೋಫಿಸಿಕ್ಸ್ ಘಟಕ ಕಟ್ಟಿದರು.)

ಚಿತ್ರದಲ್ಲಿ ಕಂಡಿದ್ದು ಏನು? ಮೊದಲನೆಯದಾಗಿ, ಉಂಗುರ ಅಂತ ನಾವು ಕರೆಯುತ್ತಿದ್ದುದು ಉಂಗುರವೇ ಅಲ್ಲ. ಆರು ಘಟಕಗಳಲ್ಲಿ ಐದು ಸುರುಳಿ ಮೆಟ್ಟಿಲಿನ ಹಾಗೆ ಒಂದಕ್ಕಿಂತ ಒಂದು ಸ್ವಲ್ಪ ಕೆಳಗೆ ಕೂತಿದ್ದವು. ಒಂದು ಮೆಟ್ಟಿಲಿಂದ ಇನ್ನೊಂದಕ್ಕೆ 60 ಡಿಗ್ರಿ ತಿರುವು, ಎತ್ತರದ ವ್ಯತ್ಯಾಸ ಒಂದು ನ್ಯಾನೊಮೀಟರಿನ ಮೂರನೇ ಎರಡು ಭಾಗದಷ್ಟು. ಆರನೆಯದು ಮಾತ್ರ ಮೇಲಿನ ತುದಿಗೂ ಕೆಳಗಿನ ತುದಿಗೂ ನಡುವೆ, ಎಲ್ಲೂ ಸೇರದೆ ಇತ್ತು.

ಎರಡನೆಯದಾಗಿ, ನಡುವಿನ ತೂತಿನಲ್ಲಿ ಎಸ್ಕಾರ್ಟ್-3ರ ಒಂದು ತುಂಡು ಸಿಕ್ಕಿಕೊಂಡಿತ್ತು. ಮಡಚಿಕೊಂಡಿರಲಿಲ್ಲ, ಎಳೆದು ನೇರ ಮಾಡಿದ ದಾರದ ಹಾಗಿತ್ತು. ಐದೂ ಘಟಕಗಳಿಂದ ಒಂದೊಂದು ಬೆರಳು ತೂತಿನೊಳಕ್ಕೆ ಚಾಚಿ ಆ ದಾರವನ್ನು ಹಿಡಿದಿತ್ತು. ಬೆರಳ ತುದಿಯಲ್ಲಿ 206ನೇ ಜಾಗದ ಟ್ರಿಪ್ಟೊಫಾನ್ ಇದೆ. ಅದು ದಾರದ ಗಂಟುಗಳ ಸಂದಿಯಲ್ಲಿ ತೂರಿಕೊಳ್ಳುತ್ತದೆ. ಎರಡೆರಡು ಅಮೈನೊ ಆಮ್ಲಕ್ಕೆ ಒಂದು ಹಿಡಿತ.

ಬಾವಿಯಿಂದ ನೀರು ಸೇದಿದವರಿಗೆ ಮುಂದಿನದನ್ನು ಹೇಳಬೇಕಾಗಿಲ್ಲ. ಒಂದು ಕೈ ಹಗ್ಗ ಹಿಡಿದು ಕೆಳಕ್ಕೆ ಎಳೆಯುತ್ತೆ, ಕೊನೆ ಮುಟ್ಟಿದ ಮೇಲೆ ಬಿಟ್ಟು ಮತ್ತೆ ಮೇಲೆ ಹೋಗಿ ಹಿಡಿಯುತ್ತೆ, ಅಷ್ಟು ಹೊತ್ತು ಇನ್ನೊಂದು ಕೈ ಬಿಡುವುದಿಲ್ಲ. ವಿಪಿಎಸ್4ಗೆ ಆರು ಕೈ. ಐದು ಹಿಡಿದಿರುತ್ತವೆ, ಆರನೆಯದು ಬಿಟ್ಟು ವಾಪಸ್ ಹೋಗುತ್ತಿರುತ್ತದೆ. ಕೈಗಳು ಒಂದಕ್ಕೊಂದು ಅಂಟಿಕೊಂಡಿರುವುದು ಎಟಿಪಿಯಿಂದ: ಎರಡು ಘಟಕಗಳ ಸಂದಿನಲ್ಲಿ ಎಟಿಪಿ ಕೂತಿದ್ದರೆ ಆ ಎರಡೂ ಗಟ್ಟಿಯಾಗಿ ಸೇರಿರುತ್ತವೆ. ಮೆಟ್ಟಿಲಿನ ಒಂದು ತುದಿಯಲ್ಲಿ ಎಟಿಪಿ ಮುರಿಯುತ್ತದೆ, ಆ ತುದಿಯ ಘಟಕ ಸಡಿಲವಾಗಿ ದಾರ ಬಿಡುತ್ತದೆ, ಹೊಸ ಎಟಿಪಿ ಹಿಡಿದುಕೊಂಡು ಇನ್ನೊಂದು ತುದಿಗೆ ಹೋಗಿ ಸೇರುತ್ತದೆ. ಪ್ರತಿ ಸಲ ಎರಡು ಅಮೈನೊ ಆಮ್ಲದಷ್ಟು ದಾರ ಮುಂದಕ್ಕೆ. ಎಸ್ಕಾರ್ಟ್-3ರ ಸದಸ್ಯ ಹೀಗೆ ಬಾಲದಿಂದ ಎಳೆಸಿಕೊಂಡು, ಮಡಿಕೆಯೆಲ್ಲ ಬಿಚ್ಚಿ, ಸ್ಪ್ರಿಂಗಿನಿಂದ ಕಳಚಿಕೊಂಡು ತೂತಿನ ಆಚೆ ಹೋಗುತ್ತಾನೆ.

ಮೂವತ್ತು ವರ್ಷದ ಹಳೆಯ ಪ್ರಶ್ನೆಗಳಿಗೆ ಈ ಒಂದು ಚಿತ್ರ ಉತ್ತರ ಕೊಟ್ಟಿತು. ಉದಾಹರಣೆಗೆ, ಎಮ್ರ್ ಅವರ ಪ್ರಯೋಗಾಲಯ 1990ರ ದಶಕದಲ್ಲೇ ವಿಪಿಎಸ್4ನ 233ನೇ ಜಾಗದ ಗ್ಲುಟಮೇಟನ್ನು ಗ್ಲುಟಮಿನ್ ಮಾಡಿ ನೋಡಿತ್ತು. 437ರಲ್ಲಿ ಒಂದು ಅಕ್ಷರ. ಅಷ್ಟಕ್ಕೇ ಇಡೀ ವಿಂಗಡಣೆ ನಿಂತುಹೋಗಿತ್ತು. ಪ್ರೋಟೀನು ಇಲ್ಲದಿದ್ದರೆ ನಿಲ್ಲುವುದು ಸರಿ, ಇದ್ದೂ ನಿಲ್ಲುವುದು ಯಾಕೆ? ಆ ಅಕ್ಷರ ಎಟಿಪಿ ಮುರಿಯುವುದಕ್ಕೆ ಬೇಕು. ಮುರಿಯದಿದ್ದರೆ ಯಾವ ಕೈಯೂ ಬಿಡುವುದಿಲ್ಲ. ಬಿಡದ ಕೈ ಹಗ್ಗ ಸೇದಲಾರದು, ಪಕ್ಕದ ಒಳ್ಳೆಯ ಕೈಗಳನ್ನೂ ಸೇದಲು ಬಿಡದು.

ಇನ್ನೊಂದು: ಎಸ್ಕಾರ್ಟ್-3ರ ಸದಸ್ಯರ ಅಕ್ಷರಜೋಡಣೆ ಒಬ್ಬೊಬ್ಬರದು ಒಂದೊಂದು ಥರ. ಎಲ್ಲವನ್ನೂ ಒಂದೇ ಯಂತ್ರ ಹೇಗೆ ಎಳೆಯುತ್ತೆ? ಬೆರಳಿನ ಸಂದಿಗಳು ಸಾಕಷ್ಟು ಧಾರಾಳವಾಗಿವೆ, ಹೆಚ್ಚುಕಡಿಮೆ ಯಾವ ಅಮೈನೊ ಆಮ್ಲವಾದರೂ ಹಿಡಿಸುತ್ತದೆ. ಯಾರನ್ನು ಎಳೆಯಬೇಕು ಅಂತ ಆರಿಸುವುದು ಹಿಡಿಕೆಯ ಕೆಲಸ, ಎಳೆಯುವ ಬೆರಳಿಗೆ ಭೇದಭಾವ ಇಲ್ಲ. 2019ರಲ್ಲಿ ಅದೇ ತಂಡ ಎರಡೂ ತುದಿ ಸೇರಿಸಿ ಬಳೆಯಂತೆ ಮಾಡಿದ ತುಂಡನ್ನು ಕೊಟ್ಟು ನೋಡಿತು. ತೂತಿನಲ್ಲಿ ಎರಡು ಎಳೆಗೂ ಜಾಗ ಇತ್ತು. ಅಂದರೆ ಹಗ್ಗವನ್ನು ತುದಿಯಿಂದಲೇ ಹಿಡಿಯಬೇಕು ಅಂತಿಲ್ಲ, ನಡುವೆ ಮಡಚಿ ಹಿಡಿದರೂ ಎಳೆಯಬಹುದು.

ಚಿತ್ರಕ್ಕೆ ಮರುಳಾಗಬೇಡಿ ಅಂತಲೂ ಇಲ್ಲೇ ಹೇಳಬೇಕು. ನಾನು ಗುಂಪಿನಲ್ಲಿ ಹಾಕಿದ ಆ ಬಣ್ಣದ ಚಿತ್ರದಲ್ಲಿ ಹಿಡಿಕೆಯೂ ಇಲ್ಲ, ಸಡಿಲ ದಾರವೂ ಇಲ್ಲ. ಅವುಗಳನ್ನು ಮೊದಲೇ ಕತ್ತರಿಸಿ ತೆಗೆದಿದ್ದರು. ಆರು ಘಟಕ ಚೆದುರದಿರಲಿ ಅಂತ ಬೇರೊಂದು ಪ್ರೋಟೀನಿನ ಉಂಗುರವನ್ನು ಬೆನ್ನಿಗೆ ಕಟ್ಟಿದ್ದರು, ಸಹಾಯಕ ಪ್ರೋಟೀನಾದ ವಿಟಿಎ1ನ ಒಂದು ಭಾಗವನ್ನೂ ಸೇರಿಸಿದ್ದರು. ಎಟಿಪಿಯ ಬದಲು ಅದನ್ನೇ ಹೋಲುವ, ಮುರಿಯದ ಜೋಡಣೆಯೊಂದನ್ನು ಕೊಟ್ಟು ಯಂತ್ರವನ್ನು ಅರ್ಧದಲ್ಲಿ ನಿಲ್ಲಿಸಿದ್ದರು. ಓಡುವ ಎಂಜಿನ್ ಬಿಚ್ಚಿ ಮೇಜಿನ ಮೇಲಿಟ್ಟು ತೆಗೆದ ಫೋಟೋ ಇದು. ಅದೇ ವರ್ಷ ಇನ್ನೆರಡು ಗುಂಪುಗಳು ಬೇರೆ ಬೇರೆ ರೀತಿಯಲ್ಲಿ ತಯಾರಿಸಿದ ವಿಪಿಎಸ್4ನಲ್ಲೂ ವಕ್ರವಾದ ಇಂಥದೇ ಮೆಟ್ಟಿಲು ಕಂಡಿದ್ದರಿಂದ ನಂಬಿಕೆ ಬಲವಾಯಿತು.

ಕತ್ತರಿಯೋ, ಜಾಡಮಾಲಿಯೋ?

ಎಂಜಿನಿಯರ್ ಆಗಿ ನನಗೆ ಅತ್ಯಂತ ರುಚಿಸಿದ್ದು ಇಲ್ಲಿಂದ ಮುಂದಿನ ಜಗಳ. ವಿಪಿಎಸ್4 ಎಳೆಯುತ್ತೆ, ಸರಿ. ಆದರೆ ಕುತ್ತಿಗೆ ಕತ್ತರಿಸುವುದು ಯಾರು?

2009ರಲ್ಲಿ ಜೇಮ್ಸ್ ಹರ್ಲಿ ಅವರ ತಂಡ ಯೀಸ್ಟ್‌ನ ಶುದ್ಧ ಪ್ರೋಟೀನುಗಳನ್ನು ಕೃತಕವಾದ ದೊಡ್ಡ ಗುಳ್ಳೆಗಳ ಮೇಲೆ ಹಾಕಿ ನೋಡಿತು. ಎಸ್ಕಾರ್ಟ್-3 ಸೇರಿಸಿದರೆ ಸಾಕು, ವಿಪಿಎಸ್4 ಇಲ್ಲದೆಯೂ ಪುಟ್ಟ ಗುಳ್ಳೆಗಳು ಕತ್ತರಿಸಿ ಬಿದ್ದವು. ಹಾಗಾದರೆ ವಿಪಿಎಸ್4 ಕೆಲಸ ಮುಗಿದ ಮೇಲೆ ಬಂದು ಸ್ಪ್ರಿಂಗನ್ನು ಬಿಚ್ಚಿ ಮರುಬಳಕೆಗೆ ಕೊಡುವ ಜಾಡಮಾಲಿ ಅಂತ ಆಯಿತು. ಪಠ್ಯಪುಸ್ತಕಕ್ಕೆ ಹೊಂದುವ ಅಚ್ಚುಕಟ್ಟಾದ ಉತ್ತರ.

ಆದರೆ ಜೀವಂತ ಕೋಶ ನೋಡುತ್ತಿದ್ದವರಿಗೆ ಇದು ಒಪ್ಪಿಗೆಯಾಗಲಿಲ್ಲ. ಕೋಶದಲ್ಲಿ ವಿಪಿಎಸ್4 ಕೆಟ್ಟರೆ ಕುತ್ತಿಗೆ ಕತ್ತರಿಸುವುದೇ ಇಲ್ಲ. 2018ರಲ್ಲಿ ಅದೇ ಹರ್ಲಿ ಅವರ ತಂಡ, ಈಗ ಬರ್ಕ್ಲಿಯಲ್ಲಿ, ಪ್ರಯೋಗವನ್ನು ಒಳಹೊರಗು ತಿರುಗಿಸಿತು. ಪ್ರೋಟೀನುಗಳನ್ನು ಗುಳ್ಳೆಯ ಒಳಗೆ ತುಂಬಿ, ಗುಳ್ಳೆಯ ಪೊರೆಯಿಂದ ಬೆಳಕಿನ ಚಿಮಟದಲ್ಲಿ ಒಂದು ಸಣ್ಣ ಕೊಳವೆ ಎಳೆದರು. ಈಗ ಪ್ರೋಟೀನುಗಳು ಕೊಳವೆಯ ಒಳಗೆ, ಕೋಶದಲ್ಲಿ ಇರುವ ಹಾಗೇ. ಬೆಳಕು ಹಾಯಿಸಿ ಎಟಿಪಿಯನ್ನು ಬಿಡುಗಡೆ ಮಾಡಿದಾಗ ಕೊಳವೆಯ ಮೇಲೆ ಎಳೆತ ಹುಟ್ಟಿತು, ಕೊಳವೆ ತುಂಡಾಯಿತು. ಅದಕ್ಕೆ ವಿಪಿಎಸ್4 ಬೇಕೇ ಬೇಕಾಯಿತು. ತಮ್ಮದೇ ತೀರ್ಮಾನವನ್ನು ಒಂಬತ್ತು ವರ್ಷದ ಮೇಲೆ ತಾವೇ ತಿದ್ದಿಕೊಂಡು ಪ್ರಕಟಿಸಿದರು. ನಮ್ಮ ಪತ್ರಿಕೋದ್ಯಮದಲ್ಲಿ ಇಂಥ ತಿದ್ದುಪಡಿ ಎಷ್ಟು ನೋಡಿದ್ದೀರಿ ಅಂತ ಕೇಳಬೇಡಿ.

2020ರಲ್ಲಿ ಜಿನೀವಾದ ಒಂದು ಗುಂಪು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಸ್ಪ್ರಿಂಗ್ ಒಂದೇ ಸಲಕ್ಕೆ ಕಟ್ಟಿಕೊಳ್ಳುವುದಲ್ಲ, ಸದಸ್ಯರು ಸರದಿಯಲ್ಲಿ ಬದಲಾಗುತ್ತಾ ಹೋಗುತ್ತಾರೆ ಅಂತ ಅವರು ತೋರಿಸಿದರು. ಮೊದಲು ಎಸ್‌ಎನ್‌ಎಫ್7, ಆಮೇಲೆ ವಿಪಿಎಸ್2 ಮತ್ತು ವಿಪಿಎಸ್24, ಆಮೇಲೆ ಮುಂದಿನವರು. ಒಬ್ಬೊಬ್ಬರು ಬಂದಾಗಲೂ ಸ್ಪ್ರಿಂಗಿನ ಆಕಾರ ಬದಲಾಗುತ್ತದೆ, ಕುತ್ತಿಗೆ ಸಣ್ಣದಾಗುತ್ತದೆ. ಹಳಬರನ್ನು ಕಿತ್ತು ಹೊಸಬರಿಗೆ ಜಾಗ ಮಾಡಿಕೊಡುವುದು ವಿಪಿಎಸ್4. ಅಂದರೆ ಅದು ಕತ್ತರಿಯೂ ಅಲ್ಲ, ಜಾಡಮಾಲಿಯೂ ಅಲ್ಲ. ಹಗ್ಗದ ಎಳೆಗಳನ್ನು ಒಂದೊಂದಾಗಿ ಕೀಳುತ್ತಾ ಹೋಗುವುದರಿಂದಲೇ ಹಗ್ಗ ಬಿಗಿಯುತ್ತದೆ. ಇದನ್ನು ಮೊದಲ ಸಲ ಓದಿದಾಗ ನನಗೆ ತಲೆಗೆ ಹೋಗಲಿಲ್ಲ, ಬಿಚ್ಚುವುದರಿಂದ ಬಿಗಿಯುವುದು ಹೇಗೆ ಅಂತ. ಮೆಟ್ಟಿಲಿನ ಚಿತ್ರವನ್ನು ಪಕ್ಕದಲ್ಲಿಟ್ಟುಕೊಂಡು ಓದಿದ ಮೇಲೆ ಅರ್ಥವಾಯಿತು. ಒಂದೊಂದೇ ದಾರ ಹಿಡಿದು ಎಳೆಯುವ ಯಂತ್ರ ಆಗಿರುವುದರಿಂದಲೇ ಒಬ್ಬನನ್ನು ಕಿತ್ತು ಪಕ್ಕದವನನ್ನು ಬಿಡಲು ಅದಕ್ಕೆ ಸಾಧ್ಯ.

ಬೇಕರಿಯಿಂದ ಆಸ್ಪತ್ರೆಗೆ

ಇನ್ನು ಗೆಳೆಯನ ಪ್ರಶ್ನೆ. 1991ರಲ್ಲಿ ಎಚ್‌ಐವಿ ಮೇಲೆ ಕೆಲಸ ಮಾಡುತ್ತಿದ್ದವರಿಗೆ ಒಂದು ವಿಚಿತ್ರ ಕಂಡಿತ್ತು. ವೈರಸ್ಸಿನ ಪಿ6 ಅನ್ನುವ ಚಿಕ್ಕ ಭಾಗವನ್ನು ಕೆಡಿಸಿದರೆ, ಹೊಸ ವೈರಸ್ ಕಣಗಳು ಕೋಶದ ಮೇಲೆ ಅಣಬೆಯ ಹಾಗೆ ಎದ್ದು, ತೊಟ್ಟು ಕಳಚದೆ ಅಲ್ಲೇ ನಿಂತುಬಿಡುತ್ತಿದ್ದವು. ಯಾಕೆ ಅಂತ ಗೊತ್ತಾಗಲು ಹತ್ತು ವರ್ಷ ಬೇಕಾಯಿತು. ವೈರಸ್ ಕೋಶದಿಂದ ಹೊರಗೆ ಚಿಗುರುವುದೂ ಎಂಡೋಸೋಮಿನೊಳಕ್ಕೆ ಗುಳ್ಳೆ ಚಿಗುರುವುದೂ ಒಂದೇ ಜ್ಯಾಮಿತಿ, ಎರಡೂ ಕೋಶದ್ರವದಿಂದ ಆಚೆಗೆ. ವೈರಸ್ಸಿನ ಹತ್ತಿರ ಕುತ್ತಿಗೆ ಕತ್ತರಿಸುವ ಯಂತ್ರ ಇಲ್ಲ. ಅದು ನಮ್ಮದನ್ನೇ ಕದಿಯುತ್ತದೆ. 2001ರಲ್ಲಿ ಸಂಡ್‌ಕ್ವಿಸ್ಟ್ ಅವರ ತಂಡ ತೋರಿಸಿದ ಹಾಗೆ, ಪಿ6 ಹೋಗಿ ಹಿಡಿಯುವುದು ಟಿಎಸ್‌ಜಿ101 ಅನ್ನುವ ಮಾನವ ಪ್ರೋಟೀನನ್ನು. ಯೀಸ್ಟ್‌ನಲ್ಲಿ ಅದರ ಸೋದರ ವಿಪಿಎಸ್23. ಮಾನವ ಕೋಶದ ವಿಪಿಎಸ್4ನಲ್ಲಿ ಎಟಿಪಿ ಮುರಿಯುವ ಅದೇ ಅಕ್ಷರವನ್ನು ಬದಲಾಯಿಸಿದಾಗ ಎಚ್‌ಐವಿ ಹೊರಬರುವುದು ನಿಂತಿತು. ಸಕ್ಕರೆ ತಟ್ಟೆಯ ಪಟ್ಟಿ ಮುಂಚೆಯೇ ಸಿದ್ಧವಾಗಿರದಿದ್ದರೆ ಈ ಹೆಸರುಗಳನ್ನು ಎಲ್ಲಿ ಹುಡುಕುವುದು ಅಂತಲೂ ಅವರಿಗೆ ಗೊತ್ತಿರುತ್ತಿರಲಿಲ್ಲ.

ಕೋಶ ಎರಡಾಗಿ ಒಡೆಯುವಾಗ ಕೊನೆಗೆ ಉಳಿಯುವ ಸಣ್ಣ ಕೊರಳನ್ನು ಕತ್ತರಿಸುವುದೂ ಇದೇ ತಂಡ. ಬಿಸಿನೀರಿನ ಬುಗ್ಗೆಗಳಲ್ಲಿ ಬದುಕುವ ಸಲ್ಫೊಲೋಬಸ್ ಅನ್ನುವ ಆರ್ಕಿಯಾ ಜೀವಿಯೂ ವಿಪಿಎಸ್4ನ ನೆಂಟನನ್ನು ಇಟ್ಟುಕೊಂಡೇ ಎರಡಾಗುತ್ತದೆ ಅಂತ 2008ರಲ್ಲಿ ಗೊತ್ತಾಯಿತು. ಅಷ್ಟು ಹಳೆಯ ಯಂತ್ರ.

ಮನುಷ್ಯರಲ್ಲಿ ವಿಪಿಎಸ್4 ಎರಡಿವೆ, ಎ ಮತ್ತು ಬಿ. ಎರಡೂ ಯೀಸ್ಟ್‌ನದಕ್ಕೆ ಶೇ. 60ರ ಆಸುಪಾಸು ಹೋಲುತ್ತವೆ. ಕೆಲವು ಕ್ಯಾನ್ಸರ್‌ಗಳಲ್ಲಿ, ಮುಖ್ಯವಾಗಿ ದೊಡ್ಡ ಕರುಳಿನದರಲ್ಲಿ, ‘ಬಿ’ ಇರುವ ವರ್ಣತಂತುವಿನ ತುಂಡು ಕಳೆದುಹೋಗಿರುತ್ತದೆ. ಅಂಥ ಕೋಶಗಳು ‘ಎ’ ಒಂದರ ಮೇಲೇ ಬದುಕಿರುತ್ತವೆ, ‘ಎ’ಯನ್ನೂ ತಡೆದರೆ ಸಾಯುತ್ತವೆ ಅಂತ 2020ರಲ್ಲಿ ಪ್ರಯೋಗಾಲಯಗಳು ವರದಿ ಮಾಡಿದವು. ಔಷಧ ಇನ್ನೂ ಬಂದಿಲ್ಲ.

ಅದೇ 2020ರಲ್ಲಿ ಬಂದ ಇನ್ನೊಂದು ವರದಿಯನ್ನು ನಾನು ಗೆಳೆಯನಿಗೆ ಕಳಿಸಿದೆ. ಬೆಳವಣಿಗೆ ಕುಂಠಿತವಾದ, ತಲೆ ಚಿಕ್ಕದಾಗಿದ್ದ, ಕಣ್ಣಿನ ಪೊರೆ ಬಂದ, ರಕ್ತಹೀನತೆಯೂ ಇದ್ದ ಕೆಲವು ಮಕ್ಕಳ ವಿಷಯ. ತಂದೆ ತಾಯಿಯಲ್ಲಿ ಇಲ್ಲದ ಹೊಸ ಬದಲಾವಣೆ ಮಕ್ಕಳ ವಿಪಿಎಸ್4ಎ ವಂಶವಾಹಿಯಲ್ಲಿ ಇತ್ತು. ಹಲವರಲ್ಲಿ ಅದು 284ನೇ ಜಾಗದ ಅರ್ಜಿನಿನ್‌ನಲ್ಲೇ. ಆ ಜಾಗ ಯಾವುದು ಅಂತ ಯೀಸ್ಟ್‌ನ ಚಿತ್ರದಲ್ಲಿ ಹುಡುಕಿದರೆ ಸಿಗುತ್ತದೆ: ಒಂದು ಘಟಕ ತನ್ನ ಪಕ್ಕದ ಘಟಕದ ಎಟಿಪಿಯನ್ನು ಮುಟ್ಟುವ ಬೆರಳು. ಅದು ಕೆಟ್ಟರೆ ಕೈಗಳ ನಡುವಿನ ಹೊಂದಾಣಿಕೆ ತಪ್ಪುತ್ತದೆ. ಒಂದು ಕೆಟ್ಟ ಪ್ರತಿ ಇದ್ದರೆ ಸಾಕು, ಅದು ಒಳ್ಳೆಯ ಪ್ರತಿಗಳ ಜೊತೆ ಅದೇ ಆರರ ಗುಂಪಿನಲ್ಲಿ ಸೇರಿಕೊಂಡು ಎಲ್ಲವನ್ನೂ ತಡೆಯುತ್ತದೆ. ತಂದೆಯಿಂದ ಬಂದದ್ದು ಸರಿಯಿದ್ದು ತಾಯಿಯಿಂದ ಬಂದದ್ದು ಮಾತ್ರ ಕೆಟ್ಟರೂ ಮಗುವಿಗೆ ಕಾಯಿಲೆ ಯಾಕೆ ಬರುತ್ತೆ ಅನ್ನುವುದಕ್ಕೆ ಆರು ಕೈಗಳ ಲೆಕ್ಕದಲ್ಲೇ ಉತ್ತರ ಇದೆ.

ಗೆಳೆಯ ಸ್ವಲ್ಪ ಹೊತ್ತು ಏನೂ ಬರೆಯಲಿಲ್ಲ. ಅವನ ಅಕ್ಕನ ಮಗುವಿಗೆ ಬೇರೆ ಏನೋ ಅಪರೂಪದ ತೊಂದರೆ ಇದೆ, ಹೆಸರೇ ಸಿಗದೆ ಮೂರು ವರ್ಷ ಆಸ್ಪತ್ರೆ ಅಲೆದವರು ಅವರು. ಅದು ನನಗೆ ಕಳಿಸಿದ ಮೇಲೆ ನೆನಪಾಯಿತು, ಮುಜುಗರವೂ ಆಯಿತು. ಆಮೇಲೆ ರಾತ್ರಿ ಮೆಸೇಜ್ ಬಂತು: ‘ಚಿತ್ರದಲ್ಲಿ ಐದು ತುಂಡು ಚೆನ್ನಾಗಿ ಕಾಣುತ್ತೆ, ಆರನೆಯದು ಯಾಕೆ ಮಸುಕು ಮಸುಕು? ಸರಿಯಾಗಿ ತೆಗೆಯೋಕೆ ಬಂದಿಲ್ವಾ?’

ಸರಿಯಾಗಿಯೇ ತೆಗೆದಿದ್ದಾರೆ ಅಂದೆ. ಸಾವಿರಾರು ನೆರಳುಗಳನ್ನು ಒಂದರ ಮೇಲೊಂದು ಇಟ್ಟಾಗ ಐದು ಕೈಗಳು ಎಲ್ಲದರಲ್ಲೂ ಒಂದೇ ಜಾಗದಲ್ಲಿವೆ. ಆರನೆಯದು ಒಂದರಲ್ಲಿ ಇಲ್ಲಿದೆ, ಇನ್ನೊಂದರಲ್ಲಿ ಅಲ್ಲಿದೆ. ಆಗ ತಾನೇ ಹಗ್ಗ ಬಿಟ್ಟು ಮೇಲೆ ಹೋಗುತ್ತಿದ್ದ ಕೈ ಅದು.